ಸ್ಕ್ರೀನ್‌ಶಾಟ್ ಬೇಡ, ಗಂಟು ಬಿಚ್ಚಿ ಕಳಿಸಿ

ಕನ್ನಡ ಟೈಪ್ ಮಾಡುವವರಿಗೆ ಅಂತಲೇ ಒಂದು ಸಣ್ಣ ಟೆಕ್ಸ್ಟ್ ಎಡಿಟರ್ ಮಾಡಿ ಆರು ವರ್ಷ ಆಯ್ತು. ಬಳಸುವವರಲ್ಲಿ ಡಿಟಿಪಿಯವರು (ಅಚ್ಚಿಗೆ ಪುಟ ಜೋಡಿಸುವವರು), ಮೇಷ್ಟ್ರುಗಳೇ ಜಾಸ್ತಿ. ಎರಡು ವರ್ಷದ ಹಿಂದೆ ಬಾಕಿ ದೂರುಗಳು 300ರ ಮೇಲಿದ್ದವು. ಈಗ 20ರ ಆಸುಪಾಸು. ಪರದೆಯ ಫೋಟೋ ಬದಲು, ತೊಂದರೆ ಕೊಟ್ಟ ಪದದ ಒಳಗಿನ ಸಂಕೇತಗಳನ್ನೇ (ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಸಂಖ್ಯೆಗಳನ್ನು) ಕಳಿಸಿ ಅನ್ನುವುದು ನನ್ನ ದಾರಿ. ಅದನ್ನು ಕೇಳಿದಾಗ ಗೆಳೆಯರು, "ಡಿಟಿಪಿಯವರು ಅದನ್ನೆಲ್ಲ ಕಳಿಸ್ತಾರಾ?" ಅಂದಿದ್ದರು. ಕಳಿಸುತ್ತಾರೆ. ಹತ್ತರಲ್ಲಿ ಎಂಟು ಜನ ಕಳಿಸುತ್ತಾರೆ.

ಮೊದಲು ದುಡ್ಡು ಕೊಟ್ಟು ಬಗ್ ಟ್ರ್ಯಾಕರ್ (ಬಗ್ ಅಂದರೆ ದೋಷ, ಅವುಗಳ ದೂರು ಬರೆದಿಡುವ ಸೌಲಭ್ಯ) ತಗೊಂಡಿದ್ದೆ. ತಿಂಗಳಿಗೆ 1,800 ರೂಪಾಯಿ ಇರಬೇಕು. ಎಂಟು ತಿಂಗಳಲ್ಲಿ ಫಾರಂ ತುಂಬಿದವರು ಒಂಬತ್ತು ಜನ. ಮಿಕ್ಕವರೆಲ್ಲ ವಾಟ್ಸಾಪ್‌ನಲ್ಲಿ "ಸಾರ್, ಅಕ್ಷರ ಒಡೀತಿದೆ" ಅಂತ ಪರದೆಯ ಫೋಟೋ ಕಳಿಸುತ್ತಿದ್ದರು.

ದೊಡ್ಡ ಪೆಟ್ಟು ಬಿದ್ದದ್ದು 'ಕೋಟೆ'ಯಿಂದ. ಒಂದು ಪ್ರೆಸ್ಸಿನವರು, "ಹುಡುಕಿದರೆ ಸಿಗಲ್ಲ ಸಾರ್" ಅಂದರು. ಫೋಟೋದಲ್ಲಿ ಹುಡುಕುವ ಜಾಗದಲ್ಲೂ 'ಕೋಟೆ', ಪುಟದಲ್ಲೂ 'ಕೋಟೆ'. ನನ್ನ ಮಷಿನ್‌ನಲ್ಲಿ ಸಿಗುತ್ತಿತ್ತು. ಮೂರು ವಾರ "ಇಲ್ಲಿ ಸರಿ ಇದೆ" ಅಂತಲೇ ಉತ್ತರಿಸಿದೆ. ಅವರು ಎಡಿಟರಿನ 40 ಪ್ರತಿಗಳ ಆರ್ಡರ್ ರದ್ದು ಮಾಡಿದರು. ಹತ್ತಿರ ಹತ್ತಿರ 60,000 ರೂಪಾಯಿ ಹೋಯ್ತು. ಆಮೇಲೆ ಫೈಲನ್ನೇ ತರಿಸಿ ನೋಡಿದೆ. ಹುಡುಕುವ ಜಾಗದ 'ಕೋ'ದಲ್ಲಿ ಕಕಾರದ ನಂತರ 3275 ಅಂತ ಒಂದೇ ಸಂಕೇತ. ಫೈಲಿನಲ್ಲಿ 3270, 3266, 3285 ಅಂತ ಮೂರು. ಯೂನಿಕೋಡ್ (ಅಕ್ಷರಗಳಿಗೆ ಸಂಖ್ಯೆ ಕೊಡುವ ಜಾಗತಿಕ ಪದ್ಧತಿ) ಪ್ರಕಾರ ಎರಡೂ ಒಂದೇ, ಕಣ್ಣಿಗೂ ಒಂದೇ. ಹಳೆ ಫಾಂಟಿನಿಂದ ಬದಲಾಯಿಸುವಾಗ ಹಾಗೆ ಬಂದಿತ್ತು. ಹುಡುಕುವ ಮೊದಲು ಎರಡೂ ಕಡೆ ನಾರ್ಮಲೈಸ್ ಮಾಡಿದೆ, ಅಂದರೆ ಒಂದೇ ರೂಪಕ್ಕೆ ತಂದೆ. ಅರ್ಧ ಗಂಟೆಯ ಕೆಲಸ!

ಅವತ್ತೇ ಮೆನುವಿನಲ್ಲಿ 'ಗಂಟು ಬಿಚ್ಚು' ಸೇರಿಸಿದೆ. ಪದ ಆರಿಸಿ ಒತ್ತಿದರೆ ಅದರ ಸಂಕೇತಗಳು, ಫಾಂಟಿನ ಹೆಸರು, ಎಡಿಟರ್ ಆವೃತ್ತಿ ಎಲ್ಲ ಕಾಪಿ ಆಗುತ್ತವೆ. ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿದರೆ ಮುಗೀತು. 'ಫೈಲ್‌ಗಳು' ಪದದ ನಡುವೆ ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ 8204 ಇದೆಯೋ ಇಲ್ಲವೋ, 'ರ‍್ಯಾಂಕ್'ನಲ್ಲಿ ಅಂಥದೇ ಇನ್ನೊಂದು ಕಾಣದ ಸಂಕೇತ 8205 ಬಿಟ್ಟುಹೋಗಿ ಅರ್ಕಾವತ್ತು ಆಗಿದೆಯೋ, ನೋಡಿದ ತಕ್ಷಣ ಗೊತ್ತಾಗುತ್ತದೆ. ಹುಡುಕುವಾಗ ಇವೆರಡನ್ನೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಒಂದು ಪದ ತೆಗೆದು ಇನ್ನೊಂದು ಹಾಕುವಾಗ ಮಾತ್ರ ಅವನ್ನು ಅಳಿಸಬಾರದು. ಅಳಿಸಿದ್ದಕ್ಕೆ ಒಬ್ಬ ಮೇಡಂ ಅವರ ಪ್ರಶ್ನೆಪತ್ರಿಕೆಯಲ್ಲಿ ಪದಗಳೆಲ್ಲ ಒತ್ತಕ್ಷರ ಕಚ್ಚಿಕೊಂಡವು. ಭಾನುವಾರ ಪೂರ್ತಿ ಕೂತು ಸರಿ ಮಾಡಿಕೊಟ್ಟೆ.

ನಡುವೆ, ಎಡಿಟರ್ ಏಕಾಏಕಿ ನಿಂತುಹೋದರೆ ತಾನಾಗಿ ವರದಿ ಬರುವ ಹಾಗೆ ಮಾಡಿದ್ದೆ. ಒಂದು ವರದಿಯಲ್ಲಿ ಯಾರದೋ ಮನೆಯ ವಿಭಾಗ ಪತ್ರವೇ ಬಂತು. ಅದೇ ರಾತ್ರಿ ತೆಗೆದುಹಾಕಿದೆ. ಅವರ ಬರಹ ನನ್ನ ಕೈಗೆ ಬರಬಾರದು, ಅಲ್ವಾ? ಬಗ್ ಒಂದಕ್ಕೆ 100 ರೂಪಾಯಿ ಅಂತಲೂ ಘೋಷಿಸಿ ನೋಡಿದೆ. ಸುಮಾರು 7,000 ಖರ್ಚಾಯ್ತು. ಬಂದದ್ದರಲ್ಲಿ ಹೆಚ್ಚಿನವು ಮೆನುವಿನ ಕಾಗುಣಿತ ತಪ್ಪುಗಳು.

'ಹೊಸದು ಬೇಕು' ಅನ್ನುವವರಿಗೆ ಒಂದೇ ಪ್ರಶ್ನೆ ಕೇಳುತ್ತೇನೆ: "ಯಾವ ಕೆಲಸ ಮಾಡುವಾಗ ಬೇಕಾಯ್ತು?" ಒಬ್ಬರು ಪದಗಳ ಲೆಕ್ಕ ಕೇಳಿದ್ದರು. ವಿಚಾರಿಸಿದರೆ ಅವರಿಗೆ ಪುಟಕ್ಕೆ ಇಷ್ಟು ಅಂತ ಕೂಲಿ. ಪುಟದ ಲೆಕ್ಕ ತೋರಿಸುವ ಸಾಲು ಹಾಕಿಕೊಟ್ಟೆ. ಅವರ ಪರಿಚಯದಿಂದಲೇ 25 ಪ್ರತಿಗಳು ಹೋದವು. ಯಾವ ಬೇಡಿಕೆ ಮೊದಲು, ಯಾವುದು ಆಮೇಲೆ ಅಂತ ನಿರ್ಧರಿಸಲು ನನ್ನದೇ ಒಂದು ಲೆಕ್ಕ ಇದೆ. ಎರಡು ವರ್ಷ ತಿದ್ದಿ ಮಾಡಿದ್ದು, ಅದನ್ನು ಇಲ್ಲಿ ಬಿಡಿಸುವುದಿಲ್ಲ.

ತುಂಬಾ ಕಾಡಿದ್ದು ಬ್ಯಾಕ್‌ಸ್ಪೇಸ್. 'ಸ್ತ್ರೀ' ಅಳಿಸಿದರೆ ಪೂರ್ತಿ ಹೋಗಬೇಕು ಅಂತ ಮೇಷ್ಟ್ರುಗಳು, ಕೊನೆಯ ಈಕಾರ ಮಾತ್ರ ಹೋಗಲಿ ಅಂತ ಡಿಟಿಪಿಯವರು. ಕೊನೆಗೆ ಬ್ಯಾಕ್‌ಸ್ಪೇಸ್ ಒಂದೊಂದೇ ಸಂಕೇತ ತೆಗೆಯುವ ಹಾಗೆ, ಡಿಲೀಟ್ ಇಡೀ ಅಕ್ಷರ ತೆಗೆಯುವ ಹಾಗೆ ಮಾಡಿದೆ. ನಾಲ್ಕು ತಿಂಗಳಾಯ್ತು, ಅದರ ಬಗ್ಗೆ ಒಂದು ದೂರೂ ಬಂದಿಲ್ಲ.