ಹೊಸ ಕಾರ್ಡ್ ಕೊಳ್ಳುವ ಮೊದಲು: ಇರುವ ಮಷೀನ್‌ನಲ್ಲೇ ಓಪನ್ ವರ್ಲ್ಡ್ ಆರ್‌ಪಿಜಿ ಓಡಿಸುವುದು ಹೇಗೆ

ತುಮಕೂರಿನಲ್ಲಿ ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತಲಿನ ಪಿಜಿಗಳಲ್ಲಿ ಕಾಣುವ ಗೇಮಿಂಗ್ ಲ್ಯಾಪ್‌ಟಾಪ್‌ಗಳು ಹೆಚ್ಚುಕಮ್ಮಿ ಒಂದೇ ಥರ. ಐ5 ಅಥವಾ ರೈಜನ್ 5 ಪ್ರೊಸೆಸರ್, 4 ಜಿಬಿಯ ಜಿಟಿಎಕ್ಸ್ 1650 ಇಲ್ಲವೇ ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್, ಜೊತೆಗೆ 8 ಜಿಬಿ ರ‍್ಯಾಮ್. ಅದರಲ್ಲಿ ವ್ಯಾಲೊರಂಟ್‌ನಂಥ ಶೂಟಿಂಗ್ ಆಟ ಯಾವ ತಕರಾರೂ ಇಲ್ಲದೆ ಓಡುತ್ತದೆ. ವಿಚರ್ 3 ಅಥವಾ ಸೈಬರ್‌ಪಂಕ್ 2077 ಥರದ ಓಪನ್ ವರ್ಲ್ಡ್ ಆರ್‌ಪಿಜಿ (ದೊಡ್ಡ ಲೋಕದಲ್ಲಿ ಒಂದು ಪಾತ್ರವಾಗಿ ಬೇಕಾದಲ್ಲಿ ಓಡಾಡುವ ಆಟ) ಹಾಕಿದ ದಿನವೇ ಸಮಸ್ಯೆ ಶುರು. ಊರ ಹೊರಗೆ ಸರಿಯಾಗಿ ಓಡುತ್ತಿದ್ದ ಆಟ ಪಟ್ಟಣದೊಳಗೆ ಕಾಲಿಟ್ಟ ಕೂಡಲೇ ತಡವರಿಸುತ್ತದೆ, ಎಲ್ಲರೂ ಹೇಳುವ ಮಾತು ಒಂದೇ: ಕಾರ್ಡ್ ಸಾಲ್ತಿಲ್ಲ, ಹೊಸದು ತಗೋಬೇಕು. ಸ್ವಲ್ಪ ತಡೀರಿ. ಎಷ್ಟೋ ಸಲ ತಪ್ಪು ಕಾರ್ಡ್‌ದಲ್ಲ. ಯಾವ ಭಾಗ ಸೋಲುತ್ತಿದೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ, ಆಮೇಲೆ ದುಡ್ಡಿನ ಮಾತು.

ಈ ಆಟಗಳು ಯಾಕೆ ಇಷ್ಟು ಭಾರ? ಶೂಟಿಂಗ್ ಆಟದಲ್ಲಿ ಒಂದು ಮ್ಯಾಪ್ ಪೂರ್ತಿ ಮೊದಲೇ ಮೆಮೊರಿಗೆ ಬಂದಿರುತ್ತದೆ. ಓಪನ್ ವರ್ಲ್ಡ್‌ನಲ್ಲಿ ಹಾಗಲ್ಲ. ನೀವು ಕುದುರೆ ಓಡಿಸುತ್ತಿರುವಾಗಲೇ ಮುಂದಿನ ಹಳ್ಳಿಯ ಮನೆ, ಮರ, ಜನ ಎಲ್ಲ ಡಿಸ್ಕ್‌ನಿಂದ ರ‍್ಯಾಮ್‌ಗೆ, ಅಲ್ಲಿಂದ ಕಾರ್ಡ್‌ನ ಮೆಮೊರಿಗೆ ಬರುತ್ತಿರಬೇಕು, ಹಿಂದೆ ಬಿಟ್ಟು ಬಂದದ್ದು ಖಾಲಿಯಾಗುತ್ತಿರಬೇಕು. ಇದರ ಜೊತೆಗೆ ಸಂತೆಯಲ್ಲಿ ಓಡಾಡುವ ಪ್ರತಿಯೊಬ್ಬ ಎಲ್ಲಿಗೆ ಹೋಗಬೇಕು, ಯಾರಿಗೆ ಡಿಕ್ಕಿ ಹೊಡೆಯಬಾರದು ಅನ್ನುವ ಲೆಕ್ಕ ಪ್ರೊಸೆಸರ್ ಮಾಡುತ್ತಿರುತ್ತದೆ. ಅಂದರೆ ಡಿಸ್ಕ್, ರ‍್ಯಾಮ್, ಪ್ರೊಸೆಸರ್, ಕಾರ್ಡ್ ನಾಲ್ಕೂ ಒಟ್ಟಿಗೆ ದುಡಿಯಬೇಕು. ಒಂದು ಹಿಂದೆ ಬಿದ್ದರೂ ಉಳಿದ ಮೂರು ಕಾಯುತ್ತಾ ಕೂರುತ್ತವೆ.

ಮೊದಲ ಕೆಲಸ, ಅಳೆಯುವುದು. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್ ಉಚಿತ, ಯಾವ ಕಂಪನಿಯ ಕಾರ್ಡ್ ಇದ್ದರೂ ನಡೆಯುತ್ತದೆ. ಅದರ ಜೊತೆ ಬರುವ ರಿವಾಟ್ಯೂನರ್ ಕೂಡ ಹಾಕಿಕೊಳ್ಳಿ, ಆಗ ಆಟದ ಮೂಲೆಯಲ್ಲೇ ಅಂಕಿಗಳು ಕಾಣುತ್ತವೆ. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ), ಫ್ರೇಮ್ ಟೈಮ್ (ಒಂದು ಫ್ರೇಮ್‌ಗೆ ಹಿಡಿಯುವ ಹೊತ್ತು), ಜಿಪಿಯು (ಕಾರ್ಡ್‌ನ ಚಿಪ್) ಬಳಕೆ, ವಿಡಿಯೊ ಮೆಮೊರಿ, ರ‍್ಯಾಮ್, ಎರಡೂ ಚಿಪ್‌ಗಳ ಬಿಸಿ, ಇಷ್ಟು ಇದ್ದರೆ ಸಾಕು. ಇವುಗಳಲ್ಲಿ ಜನ ಎಫ್‌ಪಿಎಸ್ ಒಂದನ್ನೇ ನೋಡುತ್ತಾರೆ, ಆದರೆ ಕಣ್ಣಿಗೆ ತೊಂದರೆ ಕೊಡುವುದು ಫ್ರೇಮ್ ಟೈಮ್. 60 ಎಫ್‌ಪಿಎಸ್ ಅಂದರೆ ಒಂದೊಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್, 30 ಅಂದರೆ 33.3. ಸರಾಸರಿ 60 ತೋರಿಸುತ್ತಿದ್ದರೂ ಮಧ್ಯದಲ್ಲಿ ಒಂದು ಫ್ರೇಮ್ 100 ಮಿಲಿಸೆಕೆಂಡ್ ತಗೊಂಡರೆ ಆಟ ಎಳೆದು ನಿಲ್ಲಿಸಿದ ಹಾಗೆ ಆಗುತ್ತದೆ. ಅದಕ್ಕೇ ಗೆರೆ ಸಪಾಟಾಗಿದೆಯಾ, ಮೇಲೆ ಚುಚ್ಚುತ್ತಿದೆಯಾ ನೋಡಿ.

ಅಳೆಯುವ ಜಾಗವೂ ಮುಖ್ಯ. ಕಾಡಿನಲ್ಲಿ ನಿಂತು ಅಳೆದರೆ ಏನೂ ಗೊತ್ತಾಗುವುದಿಲ್ಲ. ವಿಚರ್ 3ರಲ್ಲಿ ನೊವಿಗ್ರಾಡ್ ಪಟ್ಟಣದ ನಡುವಿನ ಚೌಕಕ್ಕೆ ಹೋಗಿ, ಬಾಲ್ಡರ್ಸ್ ಗೇಟ್ 3 ಪೂರ್ತಿ ಓಪನ್ ವರ್ಲ್ಡ್ ಅಲ್ಲದಿದ್ದರೂ ಅದರ ಮೂರನೇ ಅಂಕದ ಪಟ್ಟಣ ಪ್ರೊಸೆಸರ್ ಬೆವರಿಳಿಸುತ್ತದೆ, ಸೈಬರ್‌ಪಂಕ್‌ನಲ್ಲಿ ಜನ ತುಂಬಿದ ಮಾರುಕಟ್ಟೆಯಲ್ಲಿ ಓಡಾಡಿ. ಸೈಬರ್‌ಪಂಕ್‌ನಲ್ಲಿ ಬೆಂಚ್‌ಮಾರ್ಕ್ ಆಟದೊಳಗೇ ಇದೆ, ಆದರೆ ನಿಜವಾದ ಪರೀಕ್ಷೆ ನೀವೇ ನಡೆದು ನೋಡುವುದು.

ಈಗ ಒಂದು ಚಿಕ್ಕ ಪರೀಕ್ಷೆ, ಇದಕ್ಕಿಂತ ಉಪಯೋಗಿಯಾದದ್ದು ಇನ್ನೊಂದಿಲ್ಲ. ಅದೇ ಜಾಗದಲ್ಲಿ ನಿಂತು ರೆಸಲ್ಯೂಷನ್ 1080ಪಿ ಇಂದ 720ಪಿಗೆ ಇಳಿಸಿ. 1920×1080 ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್, 1280×720 ಅಂದರೆ 9.2 ಲಕ್ಷ. ಕಾರ್ಡ್‌ನ ಕೆಲಸ ಅರ್ಧಕ್ಕಿಂತ ಕಡಿಮೆಯಾಯಿತು. ಎಫ್‌ಪಿಎಸ್ ಚೆನ್ನಾಗಿ ಏರಿದರೆ ಕಾರ್ಡ್ ಸೋಲುತ್ತಿತ್ತು ಅಂತ ಅರ್ಥ. ಏರದೆ ಇದ್ದಲ್ಲೇ ಇದ್ದರೆ, ಕಾರ್ಡ್ ಸುಮ್ನೆ ಕಾಯುತ್ತಿತ್ತು, ಪ್ರೊಸೆಸರ್ ಅಥವಾ ರ‍್ಯಾಮ್ ಹಿಂದೆ ಬಿದ್ದಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ 40 ಪರ್ಸೆಂಟ್ ಅಂತಿದ್ದರೆ ಅದನ್ನು ನಂಬಿ ಕೂರಬೇಡಿ. ಅದು ಎಲ್ಲ ಕೋರ್‌ಗಳ ಸರಾಸರಿ, ಆಟದ ಮುಖ್ಯ ಕೆಲಸ ಹೊತ್ತ ಒಂದು ಕೋರ್ ತುಂಬಿ ತುಳುಕುತ್ತಿದ್ದರೂ ಸರಾಸರಿಯಲ್ಲಿ ಕಾಣುವುದಿಲ್ಲ.

ಎಸ್‌ಎಸ್ ಪುರಂನ ಒಬ್ಬ ಡಿಪ್ಲೊಮಾ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಇದನ್ನೇ ಮಾಡಿ ನೋಡಿದೆವು. ಜಿಟಿಎಕ್ಸ್ 1650, ಒಂದೇ 8 ಜಿಬಿ ರ‍್ಯಾಮ್ ಕಡ್ಡಿ. ನೊವಿಗ್ರಾಡ್‌ನಲ್ಲಿ 35ರ ಆಸುಪಾಸು. 720ಪಿಗೆ ಇಳಿಸಿದರೂ ಅಷ್ಟೇ, ಜಿಪಿಯು ಬಳಕೆ ಮಾತ್ರ ಬಿದ್ದುಹೋಯಿತು. "ಹಂಗಾದ್ರೆ ಕಾರ್ಡ್ ಚೆನ್ನಾಗೇ ಇದೆಯಾ ಅಣ್ಣ?" ಅಂತ ಅವನಿಗೆ ನಂಬಿಕೆಯೇ ಬರಲಿಲ್ಲ. ಆಟ ಶುರುವಾಗುವಾಗ ಕೇಳುವ ಆಯ್ಕೆಯಲ್ಲಿ ಡೈರೆಕ್ಟ್‌ಎಕ್ಸ್ (ಆಟ ಕಾರ್ಡ್ ಜೊತೆ ಮಾತಾಡಲು ಬಳಸುವ ವಿಂಡೋಸ್ ವ್ಯವಸ್ಥೆ) 12 ಬಿಟ್ಟು 11 ಆರಿಸಿದೆವು, ಬ್ಯಾಕ್‌ಗ್ರೌಂಡ್ ಕ್ಯಾರೆಕ್ಟರ್‌ಗಳ ಸಂಖ್ಯೆ ಲೋಗೆ ತಂದೆವು, ಹಿಂದೆ ತೆರೆದಿದ್ದ ಬ್ರೌಸರ್ ಮುಚ್ಚಿಸಿದೆವು. ಆಟ ನಡೆಯಿತು. ಆಮೇಲೆ ಅವನು ಇನ್ನೊಂದು 8 ಜಿಬಿ ಕಡ್ಡಿ ಹಾಕಿಸಿಕೊಂಡ, ಎಳೆತ ಇನ್ನಷ್ಟು ಕಡಿಮೆಯಾಯಿತು. ವಿಚರ್ 3 ಬಂದದ್ದು 2015ರ ಮೇ ತಿಂಗಳಲ್ಲಿ, ಆದರೆ 2022ರ ಡಿಸೆಂಬರ್‌ನಲ್ಲಿ ಬಂದ ದೊಡ್ಡ ಅಪ್‌ಡೇಟ್ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ಚಿತ್ರ ಬಿಡಿಸುವುದು) ಮತ್ತು ಡೈರೆಕ್ಟ್‌ಎಕ್ಸ್ 12 ತಂದಿತು. ಹಳೆಯ ಆಟ, ಹಳೆಯ ಲ್ಯಾಪ್‌ಟಾಪಿಗೆ ಸಾಕು ಅಂತ ಹಾಕಿಕೊಂಡವರು ಇದನ್ನು ಗಮನಿಸಿರುವುದಿಲ್ಲ.

ಎರಡು ಕಡ್ಡಿಯ ಮಾತು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದೇ ಕಡ್ಡಿ ಇದ್ದರೆ ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವೆ ಒಂದೇ ದಾರಿ, ಎರಡು ಹಾಕಿದರೆ ಎರಡು ದಾರಿ. ಬೇರೆ ಕಾರ್ಡ್ ಇಲ್ಲದೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ ಆಡುವವರಿಗಂತೂ ಇದು ಬಹಳ ದೊಡ್ಡ ವ್ಯತ್ಯಾಸ, ಯಾಕೆಂದರೆ ಅವರ ಗ್ರಾಫಿಕ್ಸ್ ಮೆಮೊರಿಯೂ ಅದೇ ರ‍್ಯಾಮ್. ಜೊತೆಗೆ 8 ಜಿಬಿ ಈಗ ಸಾಲುವುದೂ ಇಲ್ಲ. ಎಲ್ಡನ್ ರಿಂಗ್ ಕನಿಷ್ಠ 12 ಜಿಬಿ ಕೇಳುತ್ತದೆ, ಸೈಬರ್‌ಪಂಕ್ ಕೂಡ 12, ಸ್ಟಾರ್‌ಫೀಲ್ಡ್ 16. ಕಡ್ಡಿ ತರುವ ಮೊದಲು ಹಳೆಯದು ಡಿಡಿಆರ್4ಆ ಡಿಡಿಆರ್5ಆ, ಖಾಲಿ ಸ್ಲಾಟ್ ಇದೆಯಾ ಅಂತ ನೋಡಿಕೊಳ್ಳಿ, ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ.

ಕಾರ್ಡೇ ಸೋಲುತ್ತಿದೆ ಅಂತ ಪರೀಕ್ಷೆಯಲ್ಲಿ ಗೊತ್ತಾದರೆ ಸೆಟ್ಟಿಂಗ್‌ಗೆ ಕೈ ಹಾಕಿ, ಆದರೆ ಎಲ್ಲವನ್ನೂ ಲೋಗೆ ತಳ್ಳಬೇಡಿ. ತುಂಬಾ ಜನ ಮೊದಲು ಇಳಿಸುವುದು ಟೆಕ್ಸ್ಚರ್, ಅಂದರೆ ವಸ್ತುಗಳ ಮೇಲ್ಮೈಗೆ ಅಂಟಿಸಿದ ಚಿತ್ರ. ಅದರಿಂದ ಎಫ್‌ಪಿಎಸ್ ಹೆಚ್ಚೇನೂ ಏರುವುದಿಲ್ಲ, ಗೋಡೆ, ಮುಖ, ಬಟ್ಟೆ ಎಲ್ಲ ಕೆಸರು ಬಳಿದ ಹಾಗೆ ಕಾಣುತ್ತದೆ ಅಷ್ಟೇ. ಟೆಕ್ಸ್ಚರ್‌ಗೆ ಬೇಕಿರುವುದು ವಿಡಿಯೊ ಮೆಮೊರಿ. ಮೆಮೊರಿಯಲ್ಲಿ ಹಿಡಿಸುವಷ್ಟು ಹೊತ್ತು ಮೀಡಿಯಮ್ ಇಡಿ, ಹೈ ಇಡಿ, ಖರ್ಚು ಬಹುತೇಕ ಇಲ್ಲ. 4 ಜಿಬಿ ತುಂಬಿ ಹರಿದರೆ ಮಾತ್ರ ಮಿಕ್ಕಿದ್ದು ರ‍್ಯಾಮ್‌ಗೆ ಹೋಗಿ ಅಲ್ಲಿಂದ ನಿಧಾನಕ್ಕೆ ಬರಬೇಕಾಗುತ್ತದೆ, ಆಗ ತಿರುಗಿ ನೋಡಿದಾಗಲೆಲ್ಲ ಎಳೆಯುತ್ತದೆ. ಅಂಕಿ ಅಂಚಿಗೆ ಬಂದಿದ್ದರೆ ಒಂದು ಹಂತ ಇಳಿಸಿ. ಸ್ಕೈರಿಮ್‌ಗೆ 4ಕೆ ಟೆಕ್ಸ್ಚರ್ ಮಾಡ್‌ಗಳನ್ನು (ಆಟಗಾರರೇ ಮಾಡಿದ ಸೇರ್ಪಡೆಗಳನ್ನು) ಗುಡ್ಡೆ ಹಾಕುವವರಿಗೆ ಆಗುವುದೂ ಇದೇ.

ನಿಜವಾಗಿ ಕಾರ್ಡ್ ತಿನ್ನುವುದು ನೆರಳು, ಮಂಜು, ಪ್ರತಿಫಲನ. ಸೈಬರ್‌ಪಂಕ್‌ನಲ್ಲಿ ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ ಮತ್ತು ವಾಲ್ಯುಮೆಟ್ರಿಕ್ ಫಾಗ್ ಇಳಿಸಿ, ಆಡುವಾಗ ವ್ಯತ್ಯಾಸ ಕಾಣುವುದೇ ಕಡಿಮೆ. ವಿಚರ್ 3ರಲ್ಲಿ ಕೂದಲು ಬಿಡಿಸುವ ಹೇರ್‌ವರ್ಕ್ಸ್ ಆಫ್ ಮಾಡಿ, ದೂರದ ಗಿಡಮರ ಎಷ್ಟು ದೂರದಿಂದ ಕಾಣಬೇಕು ಅನ್ನುವ ಫೋಲಿಯೇಜ್ ಸೆಟ್ಟಿಂಗ್ ಮೀಡಿಯಮ್‌ಗೆ ತನ್ನಿ. ಈ ಫೋಲಿಯೇಜ್ ನನಗೆ ತುಂಬಾ ಇಷ್ಟದ ಸೆಟ್ಟಿಂಗ್, ಗಾಳಿಗೆ ಇಡೀ ಕಾಡು ಅಲುಗುವುದನ್ನು ನೋಡಲಿಕ್ಕೇ ಎಷ್ಟೋ ಸಲ ನಿಂತಿದ್ದೇನೆ, ಹಾಗಾಗಿ ಲೋಗೆ ಇಳಿಸಿ ಅಂತ ಹೇಳಲು ಮನಸ್ಸು ಬರುವುದಿಲ್ಲ. ರೇ ಟ್ರೇಸಿಂಗ್ 4 ಜಿಬಿ ಕಾರ್ಡ್‌ನಲ್ಲಿ ಬೇಡ. ಅದು ಕಾರ್ಡ್ ಜೊತೆಗೆ ಪ್ರೊಸೆಸರ್ ಮೇಲೂ ಭಾರ ಹಾಕುತ್ತದೆ.

ಇಷ್ಟಾದರೂ ಸಾಲದಿದ್ದರೆ ಚಿಕ್ಕ ಚಿತ್ರ ಬಿಡಿಸಿ ಪರದೆಯಷ್ಟಕ್ಕೆ ಹಿಗ್ಗಿಸುವ ಎಫ್‌ಎಸ್‌ಆರ್ ಇದೆ. ಎಎಂಡಿಯವರು 2021ರಲ್ಲಿ ತಂದದ್ದು, ತೀರಾ ಹೊಸ ಆವೃತ್ತಿ ಬಿಟ್ಟರೆ ಎನ್‌ವಿಡಿಯಾ ಕಾರ್ಡ್‌ನಲ್ಲೂ ನಡೆಯುತ್ತದೆ. ಎನ್‌ವಿಡಿಯಾದ ಇಂಥದ್ದೇ ಡಿಎಲ್‌ಎಸ್‌ಎಸ್ ಬೇಕಾದರೆ ಆರ್‌ಟಿಎಕ್ಸ್ ಕಾರ್ಡೇ ಇರಬೇಕು, 1650 ಇದ್ದವರಿಗೆ ಅದು ಸಿಗುವುದಿಲ್ಲ. ಕ್ವಾಲಿಟಿ ಮೋಡ್‌ನಲ್ಲಿ 1080ಪಿ ಚಿತ್ರವನ್ನು ಒಳಗೆ 720ಪಿಯಲ್ಲಿ ಬಿಡಿಸಿ ಹಿಗ್ಗಿಸುತ್ತದೆ, ಪರ್ಫಾಮೆನ್ಸ್ ಮೋಡ್‌ನಲ್ಲಿ ಒಳಗಿನ ಚಿತ್ರ 960×540 ಮಾತ್ರ. 1080ಪಿ ಪರದೆಯಲ್ಲಿ ಕ್ವಾಲಿಟಿಗಿಂತ ಕೆಳಗೆ ಹೋದರೆ ಹುಲ್ಲು, ಕೂದಲು ಮಿಣಮಿಣ ಅನ್ನುತ್ತವೆ. ಫ್ರೇಮ್ ಜನರೇಷನ್ ಅನ್ನುವುದು ಬೇರೆ, ಅದು ಎರಡು ಫ್ರೇಮ್‌ಗಳ ನಡುವೆ ಇನ್ನೊಂದನ್ನು ತಾನೇ ಮಾಡಿ ಸೇರಿಸುತ್ತದೆ. ಮೊದಲೇ 55–60 ಬರುತ್ತಿದ್ದರೆ ಚೆನ್ನ. 25 ಎಫ್‌ಪಿಎಸ್ ಇರುವಲ್ಲಿ ಹಾಕಿದರೆ ಅಂಕಿ 50 ತೋರಿಸುತ್ತದೆ, ಕೈಗೆ ಮಾತ್ರ ಮೌಸ್ ಭಾರ ಭಾರ ಅನಿಸುತ್ತದೆ.

60ನ್ನೇ ಹಿಡಿಯಬೇಕು ಅನ್ನುವ ಹಟವೂ ಬೇಡ. 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ) ಪರದೆ ಇದ್ದರೆ ಅದರ ಮೂರನೇ ಒಂದು ಭಾಗ 40ಕ್ಕೆ, 144 ಇದ್ದರೆ 48ಕ್ಕೆ ರಿವಾಟ್ಯೂನರ್‌ನಲ್ಲಿ ಮಿತಿ ಹಾಕಿ. 40 ಎಫ್‌ಪಿಎಸ್ ಅಂದರೆ 25 ಮಿಲಿಸೆಕೆಂಡ್, 30ರ 33.3 ಮತ್ತು 60ರ 16.7ರ ಸರಿಯಾಗಿ ನಡುವೆ. ಏರಿಳಿಯುವ 55ಕ್ಕಿಂತ ಸ್ಥಿರವಾದ 40 ಕಣ್ಣಿಗೆ ಹಿತ, ಮಷೀನ್ ಕೂಡ ತಣ್ಣಗಿರುತ್ತದೆ. ಎಲ್ಡನ್ ರಿಂಗ್ ಹೇಗೂ 60 ದಾಟುವುದಿಲ್ಲ, ಸ್ಕೈರಿಮ್ ಅನ್ನು 60 ದಾಟಿಸಲೂಬಾರದು. ಅದರ ಫಿಸಿಕ್ಸ್ ಫ್ರೇಮ್ ರೇಟಿಗೆ ಕಟ್ಟಿಕೊಂಡಿದೆ, ದಾಟಿಸಿದರೆ ಮೇಜಿನ ಮೇಲಿನ ತಟ್ಟೆ ಲೋಟಗಳು ತಾವೇ ಹಾರಾಡುತ್ತವೆ.

ಡಿಸ್ಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಆಟಗಳನ್ನು ಹಾರ್ಡ್ ಡಿಸ್ಕ್‌ನಲ್ಲಿ ಹಾಕಬೇಡಿ. ಸೈಬರ್‌ಪಂಕ್‌ಗೆ 70 ಜಿಬಿ, ಸ್ಟಾರ್‌ಫೀಲ್ಡ್‌ಗೆ 125 ಜಿಬಿ, ಬಾಲ್ಡರ್ಸ್ ಗೇಟ್ 3ಕ್ಕೆ 150 ಜಿಬಿ ಜಾಗ ಬೇಕು, ಮೂರೂ ಎಸ್‌ಎಸ್‌ಡಿಯನ್ನೇ ಕೇಳುತ್ತವೆ. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಡೇಟಾದಲ್ಲಿ 70 ಜಿಬಿ ಇಳಿಸಲು 35 ದಿನ ಬೇಕು, ಫೈಬರ್ ಇರುವ ಗೆಳೆಯರ ಮನೆಗೆ ಲ್ಯಾಪ್‌ಟಾಪ್ ತಗೊಂಡು ಹೋಗುವುದೇ ವಾಸಿ. ಮೊದಲ ಸಲ ತೆರೆದಾಗ ಕೆಲವು ಆಟಗಳು ಶೇಡರ್ (ಕಾರ್ಡ್ ಚಿತ್ರ ಬಿಡಿಸಲು ಬಳಸುವ ಚಿಕ್ಕ ಪ್ರೋಗ್ರಾಂ) ತಯಾರಿಸುತ್ತಾ ಕಾಯಿಸುತ್ತವೆ, ಹಾಗ್ವಾರ್ಟ್ಸ್ ಲೆಗಸಿಯಲ್ಲಿ ಇದನ್ನು ನೋಡಿರುತ್ತೀರಿ. ಮಧ್ಯದಲ್ಲಿ ಮುಚ್ಚದೆ ಮುಗಿಯಲು ಬಿಡಿ.

ಬಿಸಿ ಮಾತ್ರ ನಮ್ಮೂರಿನಲ್ಲಿ ದೊಡ್ಡ ವಿಷಯ. ಏಪ್ರಿಲ್ ಮಧ್ಯಾಹ್ನ ತುಮಕೂರಿನಲ್ಲಿ 36–37 ಡಿಗ್ರಿ ಇರುತ್ತದೆ, ಶೀಟ್ ಮನೆಯೊಳಗೆ ಇನ್ನೂ ಜಾಸ್ತಿ. ಆ ಗಾಳಿಯಿಂದಲೇ ಲ್ಯಾಪ್‌ಟಾಪ್ ತಣ್ಣಗಾಗಬೇಕು. ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಎಫ್‌ಪಿಎಸ್ ಕುಸಿದರೆ ಅದು ಸೆಟ್ಟಿಂಗ್ ತೊಂದರೆಯಲ್ಲ, ಚಿಪ್ 95 ಡಿಗ್ರಿ ದಾಟಿ ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುತ್ತಿದೆ. ಹಾಸಿಗೆ ಮೇಲೆ ಇಟ್ಟು ಆಡಬೇಡಿ. ಹಿಂಭಾಗವನ್ನು ಎರಡು ಇಂಚು ಎತ್ತರಿಸಿ. ಬಿ.ಎಚ್. ರಸ್ತೆ ಬದಿಯ ಮನೆಯವರು ಫ್ಯಾನ್ ಹತ್ತಿರದ ಜಾಲರಿಗೆ ಟಾರ್ಚ್ ಹಿಡಿದು ನೋಡಿ, ಧೂಳು ಬಟ್ಟೆಯ ಹಾಗೆ ಪದರ ಕಟ್ಟಿರುತ್ತದೆ. ಅದನ್ನು ತೆಗೆಸಿ ಹೊಸ ಥರ್ಮಲ್ ಪೇಸ್ಟ್ ಹಾಕಿಸಿದರೆ ಎಷ್ಟೋ ಹಳೆಯ ಲ್ಯಾಪ್‌ಟಾಪ್‌ಗಳು ಚೇತರಿಸಿಕೊಳ್ಳುತ್ತವೆ. ಚಾರ್ಜರ್ ಹಾಕದೆ ಬ್ಯಾಟರಿಯಲ್ಲಿ ಆಡಿದರೆ ವೇಗ ಹೇಗೂ ಅರ್ಧಕ್ಕೆ ಬೀಳುತ್ತದೆ.

ಇನ್ನೆರಡು ಸಣ್ಣ ವಿಷಯ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಭಾಗಕ್ಕೆ ಹೋಗಿ ಗ್ರಾಫಿಕ್ಸ್ ತೆರೆದು ಆ ಆಟಕ್ಕೆ ಹೈ ಪರ್ಫಾಮೆನ್ಸ್ ಆರಿಸಿ, ಇಲ್ಲದಿದ್ದರೆ ಕೆಲವೊಮ್ಮೆ ಆಟ ಪ್ರೊಸೆಸರ್ ಒಳಗಿನ ಚಿಕ್ಕ ಗ್ರಾಫಿಕ್ಸ್‌ನಲ್ಲೇ ಓಡುತ್ತಿರುತ್ತದೆ. ಡೆಸ್ಕ್‌ಟಾಪ್ ಇರುವವರು ಮಾನಿಟರ್ ಕೇಬಲ್ ಮದರ್‌ಬೋರ್ಡ್‌ಗಲ್ಲ, ಕಾರ್ಡ್‌ಗೇ ಚುಚ್ಚಿದ್ದೀರಾ ನೋಡಿ. ಕರೆಂಟ್ ಹೋಗಿ ಬರುವ ಏರಿಯಾ ಆದರೆ ಮನೆಯ ಇನ್ವರ್ಟರ್ ಮೇಲಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿ ಇರಲಿ. ಇನ್ನೊಂದು ಮೋಡ್‌ನಲ್ಲಿ ಬದಲಾಗುವ ಹೊತ್ತಿಗೇ ಕಂಪ್ಯೂಟರ್ ಆರಿಹೋಗುತ್ತದೆ, ಸೇವ್ ಆಗುತ್ತಿದ್ದ ಫೈಲ್ ಕೆಟ್ಟರೆ ಎಷ್ಟೋ ಗಂಟೆಯ ಆಟ ಹೋಯಿತು.

ಇಷ್ಟೆಲ್ಲ ಮಾಡಿದ ಮೇಲೂ 720ಪಿ ಪರೀಕ್ಷೆ ಕಾರ್ಡ್ ಕಡೆಗೇ ಬೆರಳು ತೋರಿಸುತ್ತಿದೆ, ನಿಮ್ಮದು ಡೆಸ್ಕ್‌ಟಾಪ್, ಆಗ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ. 6 ಜಿಬಿಗಿಂತ ಕಡಿಮೆ ಮೆಮೊರಿಯ ಕಾರ್ಡ್ ಈಗ ಕೊಳ್ಳಬೇಡಿ, ಸಾಧ್ಯವಾದರೆ 8 ನೋಡಿ. ಪವರ್ ಸಪ್ಲೈ ವ್ಯಾಟ್ ಎಷ್ಟು, ಕಾರ್ಡ್‌ಗೆ ಬೇಕಾದ ಕನೆಕ್ಟರ್ ಇದೆಯಾ ಅಂತ ಮನೆಯಲ್ಲೇ ಬರೆದುಕೊಂಡು ಹೋಗಿ, ಆರ್‌ಟಿಎಕ್ಸ್ 3060 ಒಂದೇ 170 ವ್ಯಾಟ್ ತಗೊಳ್ಳುತ್ತದೆ. ಸೆಕೆಂಡ್ ಹ್ಯಾಂಡ್ ಆದರೆ "ಅಣ್ಣ, ಒಂದು ಇಪ್ಪತ್ತು ನಿಮಿಷ ಲೋಡ್ ಹಾಕಿ ತೋರಿಸಿ" ಅಂತ ಮುಲಾಜಿಲ್ಲದೆ ಕೇಳಿ. ಜಿಪಿಯು-ಜೆಡ್ ಅನ್ನುವ ಸಾಫ್ಟ್‌ವೇರ್ ತೆರೆಸಿ ಹೆಸರು, ಮೆಮೊರಿ ನೋಡಿ, ಹಳೆಯ ಚಿಪ್‌ಗೆ ಹೊಸ ಹೆಸರು ಬರೆದ ನಕಲಿ ಎನ್‌ವಿಡಿಯಾ ಕಾರ್ಡ್‌ಗಳನ್ನು ಅದು ಗುರುತಿಸಿ ಹೇಳುತ್ತದೆ. ಪರದೆಯಲ್ಲಿ ಚುಕ್ಕಿ, ಗೆರೆ ಕಂಡರೆ ಅಥವಾ ತೋರಿಸಲು ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಿ, ಆ ರಸ್ತೆಯಲ್ಲಿ ಅಂಗಡಿಗಳಿಗೇನು ಬರವಿಲ್ಲ.