ಗದ್ದೆಯಂಚಿನ ಮನೆಗಳಲ್ಲಿ ಮಕ್ಕಳನ್ನು ಹಾವಿನ ಕಡಿತದಿಂದ ಕಾಪಾಡುವ ಬಗೆ

ವಿಶ್ವೇಶ್ವರಯ್ಯ ನಾಲೆಯ ನೀರುಂಡು ಬೆಳೆಯುವ ಮಂಡ್ಯದ ಭತ್ತ, ಕಬ್ಬಿನ ಗದ್ದೆಗಳಲ್ಲಿ ಇಲಿಗಳಿಗೆ ಬರವಿಲ್ಲ. ಇಲಿ ಇದ್ದಲ್ಲಿಗೆ ಹಾವು ಬಂದೇ ಬರುತ್ತದೆ. ಕಬ್ಬು ಕಟಾವಾದಾಗ ಮರೆ ಕಳೆದುಕೊಂಡ ಇಲಿಗಳು ಊರ ಕಡೆಗೆ ತಿರುಗುತ್ತವೆ, ಅವುಗಳ ಹಿಂದೆಯೇ ಹಾವುಗಳೂ ಬರುತ್ತವೆ. ಹಾವುಗಳನ್ನು ಊರಿನಿಂದಲೇ ಓಡಿಸುವುದು ಆಗುವ ಮಾತಲ್ಲ. ಮಗು ಮಲಗುವ ಮತ್ತು ಆಡುವ ಜಾಗದಿಂದ ಅವನ್ನು ದೂರವಿಡುವುದು, ಕಡಿದರೆ ಯಾರ ಗಾಡಿಯಲ್ಲಿ ಯಾವ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ಮಾತ್ರ ಮನೆಯವರ ಕೈಯಲ್ಲಿದೆ.

ಮೊದಲು ಗಮನಿಸಬೇಕಾದದ್ದು ಹಾಸಿಗೆಯನ್ನು. ಕಪ್ಪು ಮೈಮೇಲೆ ತೆಳುವಾದ ಬಿಳಿ ಪಟ್ಟೆಗಳಿರುವ ಕಟ್ಟುಹಾವು ರಾತ್ರಿ ಓಡಾಡುತ್ತದೆ, ಮನೆಯೊಳಗೂ ನುಗ್ಗುತ್ತದೆ ಮತ್ತು ನೆಲದ ಮೇಲೆ ಚಾಪೆ ಹಾಸಿ ಮಲಗಿದವರನ್ನು ನಿದ್ದೆಯಲ್ಲಿಯೇ ಕಡಿಯುತ್ತದೆ. ಮಕ್ಕಳನ್ನು ಮಂಚದ ಮೇಲೆ ಮಲಗಿಸುವುದು ಉತ್ತಮ. ಮಂಚವಿಲ್ಲದ ಮನೆಯಲ್ಲಿ ಸೊಳ್ಳೆ ಪರದೆ ಕಟ್ಟಿ, ಅದರ ಅಂಚನ್ನು ಹಾಸಿಗೆಯ ಅಡಿಗೆ ಸುತ್ತಲೂ ಬಿಗಿಯಾಗಿ ಸಿಕ್ಕಿಸಬೇಕು. ಒಂದು ಮೂಲೆ ಸಡಿಲವಾಗಿದ್ದರೂ ಪರದೆ ಕಟ್ಟಿದ್ದು ವ್ಯರ್ಥ. ಆಲೆಮನೆಗಳ ಪಕ್ಕದ ಗುಡಿಸಲುಗಳಲ್ಲಿ ಕೂಲಿಯವರ ಮಕ್ಕಳು ಒಣಗಿದ ರಚ್ಚಿನ (ರಸ ಹಿಂಡಿದ ಕಬ್ಬಿನ ಸಿಪ್ಪೆಯ) ರಾಶಿಯ ಬಳಿಯಲ್ಲಿಯೇ ಮಲಗುವುದುಂಟು. ಅಂಥ ಮಕ್ಕಳಿಗೆ ಪರದೆ ಕೊಡಿಸುವುದು ಆಲೆಮನೆಯ ಮಾಲೀಕರ ಹೊಣೆಯೆಂದೇ ನನ್ನ ಅಭಿಪ್ರಾಯ.

ಸೌದೆ, ತರಗು, ಹಳೆಯ ಹೆಂಚುಗಳನ್ನು ಗೋಡೆಗೆ ಒತ್ತಿಕೊಂಡಂತೆ ಪೇರಿಸಬಾರದು. ಭತ್ತ, ರಾಗಿ ಮೂಟೆಗಳನ್ನು ಮಲಗುವ ಕೋಣೆಯಲ್ಲಿ ಇಡಬಾರದು. ರಾತ್ರಿ ಮಗು ಬಚ್ಚಲಿಗೆ ಹೋಗುವಾಗ ಜೊತೆಗೊಬ್ಬರು ಟಾರ್ಚ್ ಹಿಡಿದು ಹೋಗಬೇಕು. ತರಗಿನ ನಡುವೆ ಮಲಗಿದ ಕೊಳಕುಮಂಡಲ ಕಣ್ಣಿಗೆ ಬೀಳುವುದೇ ಕಷ್ಟವಾದ್ದರಿಂದ ಬದುವಿನ ಮೇಲೆ ಬರಿಗಾಲಿನಲ್ಲಿ ಮಕ್ಕಳನ್ನು ಕಳುಹಿಸಬಾರದು.

ಇಷ್ಟಾದರೂ ಕಡಿದರೆ, ಮಗುವನ್ನು ನಡೆಸದೆ ಎತ್ತಿಕೊಳ್ಳಬೇಕು, ಏಕೆಂದರೆ ಕಾಲು ಆಡಿದಷ್ಟೂ ವಿಷ ಬೇಗ ಹರಡುತ್ತದೆ. ಬಾವು ಏರುವ ಮೊದಲೇ ಕಾಲ್ಗೆಜ್ಜೆ, ಬಳೆ, ಉಂಗುರಗಳನ್ನು ತೆಗೆಯಬೇಕು. ಮೂಳೆ ಮುರಿದಾಗ ಮಾಡುವಂತೆ ಕಡಿತವಾದ ಕೈಯನ್ನೋ ಕಾಲನ್ನೋ ದಬ್ಬೆಗೆ ಸಡಿಲವಾಗಿ ಕಟ್ಟಿ ಅಲುಗಾಡದಂತೆ ಮಾಡಬೇಕು. ಗಾಯದ ಮೇಲ್ಭಾಗಕ್ಕೆ ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಸೊಪ್ಪು ಅರೆದು ಹಚ್ಚುವುದು ಇವೆಲ್ಲವೂ ಹಾನಿಕರ. ಬಿಗಿದ ಹಗ್ಗದಿಂದ ರಕ್ತಸಂಚಾರ ನಿಂತು ಅಂಗವೇ ಹೋಗಬಹುದು. ನಾಟಿ ಔಷಧಿಯಿಂದ ಗುಣವಾಯಿತೆಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಕಡಿದದ್ದು ಕೇರೆಯಂಥ ವಿಷವಿಲ್ಲದ ಹಾವಾಗಿರಬಹುದು, ಅಥವಾ ವಿಷದ ಹಾವೇ ವಿಷವನ್ನು ಬಿಡದೆ ಕಡಿದಿರಬಹುದು. ಹಾಗೆ ಬದುಕಿದವರನ್ನು ನಂಬಿಕೊಂಡು ಮಗುವಿನ ಸಮಯವನ್ನು ಕಳೆಯಬಾರದು. ಹರಕೆಯಿದ್ದರೆ ಚಿಕಿತ್ಸೆ ಮುಗಿದ ಮೇಲೆ ತೀರಿಸಬಹುದು.

ಹಾವನ್ನು ಹುಡುಕಿ ಕೊಲ್ಲುವ ಅಗತ್ಯವಿಲ್ಲ. ಕಡಿದ ಹೊತ್ತನ್ನು ನೆನಪಿಟ್ಟುಕೊಂಡು 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ತಡವಾಗುವಂತಿದ್ದರೆ ಬೈಕಿನಲ್ಲಿ ಇಬ್ಬರ ನಡುವೆ ಮಗುವನ್ನು ಕೂರಿಸಿಕೊಂಡು ಹೊರಡಬಹುದು.

ಕಟ್ಟುಹಾವಿನ ಕಡಿತವನ್ನು ಮಾತ್ರ ಪ್ರತ್ಯೇಕವಾಗಿ ತಿಳಿದಿರಬೇಕು. ಅದರ ಹಲ್ಲಿನ ಗುರುತು ಹಲವು ಬಾರಿ ಕಾಣುವುದೇ ಇಲ್ಲ, ನೋವೂ ಹೆಚ್ಚಿರುವುದಿಲ್ಲ. ನೆಲದ ಮೇಲೆ ಮಲಗಿದ್ದ ಮಗು ನಸುಕಿನಲ್ಲಿ ಹೊಟ್ಟೆನೋವೆಂದು ಅಳುತ್ತಾ ಎದ್ದು, ವಾಂತಿ ಮಾಡಿ, ಸ್ವಲ್ಪ ಹೊತ್ತಿನಲ್ಲಿ ರೆಪ್ಪೆ ಎತ್ತಲಾರದೆ, ಉಗುಳು ನುಂಗಲಾರದೆ ಹೋದರೆ ಅದನ್ನು ಅಜೀರ್ಣವೆಂದು ಭಾವಿಸಿ ಓಮದ ನೀರು ಕುಡಿಸುತ್ತಾ ಕೂರಬಾರದು. ಉಸಿರಾಟದ ಸ್ನಾಯುಗಳೂ ಸೋಲುವ ಮೊದಲು ಕೃತಕ ಉಸಿರಾಟದ ವ್ಯವಸ್ಥೆ ಇರುವ ಆಸ್ಪತ್ರೆಗೆ ತಲುಪಬೇಕು. ದಾರಿಯಲ್ಲಿ ಮಗುವನ್ನು ಎಡಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು.

ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ದೊಡ್ಡ ಸರ್ಕಾರಿ ಆಸ್ಪತ್ರೆಗಳು. ಪ್ರತಿವಿಷದ ಚುಚ್ಚುಮದ್ದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿಯೂ ಸಿಗುವುದೇ ಎಂದು ಆಶಾ ಕಾರ್ಯಕರ್ತೆಯ ಮೂಲಕ ಇಂದೇ ವಿಚಾರಿಸಿಡುವುದು ಒಳ್ಳೆಯದು. ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ನೋಡುತ್ತಾರೆ. ಅದು ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ರಕ್ತಕ್ಕೆ ಸೇರಿದೆ ಎಂದರ್ಥ. ಇಷ್ಟು ಚಿಕ್ಕ ಮಗುವಿಗೆ ಅಷ್ಟೊಂದು ಬಾಟಲಿ ಮದ್ದೇಕೆ ಎಂದು ಮನೆಯವರು ಗಾಬರಿಯಾಗುವುದು ಸಹಜ. ಹಾವು ಮಗುವೆಂದು ವಿಷವನ್ನು ಕಡಿಮೆ ಬಿಡುವುದಿಲ್ಲ, ಆದ್ದರಿಂದ ಮಗುವಿಗೂ ದೊಡ್ಡವರಷ್ಟೇ ಪ್ರಮಾಣ ಬೇಕು. ಲಕ್ಷಣಗಳು ಕಾಣದಿದ್ದರೂ 24 ಗಂಟೆ ಅಲ್ಲಿಯೇ ಇರಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಗಳ ಪಟ್ಟಿಗೆ ಸೇರಿಸಿರುವುದರಿಂದ ಖಾಸಗಿ ಆಸ್ಪತ್ರೆಗಳೂ ಪ್ರಕರಣವನ್ನು ವರದಿ ಮಾಡಬೇಕು.

ಮನೆಗೆ ಮರಳಿದ ಮೇಲೆ ಮಗುವಿನ ಮೂತ್ರದ ಮೇಲೆ ಕಣ್ಣಿಡಬೇಕು. ಮಂಡಲದ ವಿಷ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಮೂತ್ರ ಕಡಿಮೆಯಾದರೆ, ಕೆಂಪಗೆ ಅಥವಾ ಚಹಾ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ತಕ್ಷಣ ಅದೇ ಆಸ್ಪತ್ರೆಗೆ ಹೋಗಬೇಕು. ಒಂದೆರಡು ವಾರದಲ್ಲಿ ಜ್ವರ, ಕೀಲುನೋವು, ಮೈಮೇಲೆ ದದ್ದು ಕಾಣಿಸಿಕೊಂಡರೆ ಅದು ಕುದುರೆಯ ರಕ್ತದಿಂದ ತಯಾರಾಗುವ ಪ್ರತಿವಿಷಕ್ಕೆ ದೇಹ ತೋರುವ ಪ್ರತಿಕ್ರಿಯೆಯಾಗಿರಬಹುದು. ಅದಕ್ಕೂ ಚಿಕಿತ್ಸೆಯಿದೆ, ಬಿಡುಗಡೆಯ ಚೀಟಿಯೊಂದಿಗೆ ವೈದ್ಯರನ್ನು ಕಾಣಬೇಕು.