ರೆಸ್ಟೋರ್ ಮಾಡಿದ ಅಸಲಿಯೋ, ಹೊಸದಾಗಿ ಕಟ್ಟಿದ್ದೋ: ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವ ಮುನ್ನ ಪರೀಕ್ಷಿಸುವ ಬಗೆ

ಜಾಗ್ವಾರ್ ಇ-ಟೈಪ್ ಒಂದನ್ನು ನಟ್ಟು-ಬೋಲ್ಟು ಬಿಚ್ಚಿ ಮೊದಲಿದ್ದಂತೆಯೇ ಮತ್ತೆ ಕೂಡಿಸಬಹುದು. ಅದೇ ಮೈಯೊಳಗೆ ಹೊಸ ಗೇರ್‌ಬಾಕ್ಸ್, ದೊಡ್ಡ ಬ್ರೇಕ್, ಇಸಿಯು ಎಂಬ ಪುಟ್ಟ ಕಂಪ್ಯೂಟರ್‌ನ ಹಿಡಿತದ ಎಂಜಿನ್ ಕೂರಿಸಿಯೂ ನಿಲ್ಲಿಸಬಹುದು. ಹತ್ತು ಅಡಿ ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಕೈಕೊಡುವ ಬಗೆ ಬೇರೆ. ರೆಸ್ಟೋರ್ ಮಾಡಿದ ಅಸಲಿಯ ಹುಳುಕು ಬಣ್ಣದ ಕೆಳಗಿನ ತಗಡಿನಲ್ಲೋ ಕಾಗದಪತ್ರದಲ್ಲೋ ಅಡಗಿರುತ್ತದೆ. ಹೊಸದಾಗಿ ಕಟ್ಟಿದ ಕಾರಿನ ಹುಳುಕು ವೈರಿಂಗ್‌ನಲ್ಲಿ, ಸಾಫ್ಟ್‌ವೇರ್‌ನಲ್ಲಿ, ಬೇರೆ ಬೇರೆ ಕಾರುಗಳಿಂದ ತಂದ ಭಾಗಗಳು ಒಂದಕ್ಕೊಂದು ಹೊಂದುತ್ತವೆಯೋ ಇಲ್ಲವೋ ಎಂಬುದರಲ್ಲಿ. ಹಾಗಾಗಿ ಎರಡನ್ನೂ ಒಂದೇ ತಪಾಸಣೆಯಲ್ಲಿ ಪಾಸು ಮಾಡಿಸುವುದು ಆಗದ ಮಾತು.

ಯಾವ ಬಗೆಯ ಕಾರು?

ಮೊದಲು ಇದನ್ನು ಗೊತ್ತುಮಾಡಿಕೊಳ್ಳಿ. ಮೈಗೆ ಕೈ ಹಚ್ಚುವುದು ಆಮೇಲೆ.

ಕಾರ್ಖಾನೆಯಿಂದ ಹೊರಬಂದ ಕಾರನ್ನೇ ಹಿಡಿದು ಸರಿಮಾಡಿದ್ದು ರೆಸ್ಟೋರೇಶನ್. ಹಳೆಯ ಚಾಸಿಯನ್ನು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಹೊಸತಾಗಿಸಿದ್ದು ರೆಸ್ಟೊಮಾಡ್. ಕ್ಯಾಲಿಫೋರ್ನಿಯಾದ ಸಿಂಗರ್ ಕಂಪನಿಯನ್ನು ಹೆಸರುವಾಸಿ ಮಾಡಿದ ಕಾರುಗಳು ನೋಡಲು 1970ರ ಸುಮಾರಿನ ಪೋರ್ಶೆ 911ರಂತಿವೆ. ಚಾಸಿ ಮಾತ್ರ 1989ರಿಂದ 1994ರವರೆಗೆ ತಯಾರಾದ 964 ಮಾದರಿಯದು, ಆದ್ದರಿಂದ ಕಾಗದದಲ್ಲೂ ಅದು 964. ಇದು ಚಿಕ್ಕ ವಿಷಯವಲ್ಲ. ತೆರಿಗೆ, ಹೊಗೆ ತಪಾಸಣೆ, ವಿಂಟೇಜ್ ನೋಂದಣಿ ಎಲ್ಲಕ್ಕೂ ಲೆಕ್ಕಕ್ಕೆ ಬರುವುದು ದಾಖಲೆಯಲ್ಲಿರುವ ವರ್ಷ. ಕಾರು ಯಾವ ವರ್ಷದ್ದರಂತೆ ಕಾಣುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ.

ಮೂಲ ಕಂಪನಿಯೇ ದಶಕಗಳ ನಂತರ ಮತ್ತೆ ಕಟ್ಟಿದ್ದು ಕಂಟಿನ್ಯುಯೇಶನ್. ಜಾಗ್ವಾರ್ 1963ರಲ್ಲಿ 18 ಲೈಟ್‌ವೇಟ್ ಇ-ಟೈಪ್ ಕಟ್ಟಲು ಹೊರಟು 12ಕ್ಕೇ ನಿಲ್ಲಿಸಿತ್ತು. ಬಾಕಿ ಉಳಿದಿದ್ದ ಆರನ್ನು 2014ರಲ್ಲಿ ಕೈಗೆತ್ತಿಕೊಂಡಿತು. ಆಸ್ಟನ್ ಮಾರ್ಟಿನ್ 2017ರಲ್ಲಿ ಹೊರತಂದ 25 ಡಿಬಿ4 ಜಿಟಿಗಳು ಟ್ರ್ಯಾಕ್‌ನಲ್ಲಿ ಓಡಿಸಲಷ್ಟೇ. ಇಂಥ ಕಾರಿಗೆ ನಿಮ್ಮಲ್ಲಿ ರಸ್ತೆ ನೋಂದಣಿ ಸಿಗುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ ಸಾರಿಗೆ ಕಚೇರಿಯಿಂದ ಲಿಖಿತವಾಗಿ ತಿಳಿದುಕೊಳ್ಳಿ.

ಕೊನೆಯದು ರೆಪ್ಲಿಕಾ, ಅಂದರೆ ಚಾಸಿಯಿಂದ ಹಿಡಿದು ಎಲ್ಲವೂ ಹೊಸತು. 1960ರ ದಶಕದಲ್ಲಿ ಅಮೆರಿಕದ ಶೆಲ್ಬಿ ಕಂಪನಿ ಕಟ್ಟಿದ ಕೋಬ್ರಾ ಸ್ಪೋರ್ಟ್ಸ್ ಕಾರುಗಳು ಸಾವಿರದ ಆಸುಪಾಸು. ರೆಪ್ಲಿಕಾಗಳು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಶೆಲ್ಬಿಯ ಚಾಸಿ ನಂಬರ್‌ಗಳಲ್ಲಿ ಸಿಎಸ್‌ಎಕ್ಸ್ 2000 ಮತ್ತು 3000 ಸರಣಿಗಳು ಆ ಕಾಲದವು, 4000 ಸರಣಿ ಬಹಳ ವರ್ಷಗಳ ನಂತರದ ಕಂಟಿನ್ಯುಯೇಶನ್. ಮೈಯಲ್ಲೂ ಸುಳಿವಿದೆ. ಅಸಲಿ ಕೋಬ್ರಾದ ಮೈ ಅಲ್ಯೂಮಿನಿಯಂ, ಬಹುಪಾಲು ರೆಪ್ಲಿಕಾಗಳದ್ದು ಫೈಬರ್. ಅಯಸ್ಕಾಂತ ಎರಡಕ್ಕೂ ಅಂಟುವುದಿಲ್ಲವಾದ್ದರಿಂದ ಮಡ್‌ಗಾರ್ಡ್ ಒಳಗೆ ಟಾರ್ಚ್ ಬಿಟ್ಟು ನಾರಿನ ನೇಯ್ಗೆ ಕಾಣುತ್ತದೆಯೇ ನೋಡಿ.

ರೆಪ್ಲಿಕಾ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಅದನ್ನು ಅಸಲಿಯೆಂದು ನಂಬಿ ಕೊಂಡಾಗಲಷ್ಟೇ ತೊಂದರೆ.

ಅಸಲಿ ಎನ್ನುವ ಕಾರು: ಕಾಗದ

ಜಾಗ್ವಾರ್‌ಗೆ ಹೆರಿಟೇಜ್ ಟ್ರಸ್ಟ್‌ನ ಪ್ರಮಾಣಪತ್ರ, ಫೆರಾರಿಗೆ ಅದರದೇ ಕ್ಲಾಸಿಕೆ ವಿಭಾಗದ ದೃಢೀಕರಣ ಸಿಗುತ್ತದೆ. ಜಾಗ್ವಾರ್ ಪತ್ರದಲ್ಲಿ ಚಾಸಿ, ಎಂಜಿನ್, ಗೇರ್‌ಬಾಕ್ಸ್, ಬಾಡಿ ನಂಬರ್‌ಗಳು, ಬಣ್ಣ, ಸೀಟಿನ ಚರ್ಮ, ಕಾರು ಕಳಿಸಿದ ದಿನ ಎಲ್ಲ ಇರುತ್ತವೆ. ಆದರೆ ಒಂದು ಮಾತು ನೆನಪಿರಲಿ: ಆ ಪತ್ರ ಹೇಳುವುದು ಕಾರ್ಖಾನೆಯಿಂದ ಏನು ಹೊರಬಿತ್ತು ಎಂದು. ನಿಮ್ಮ ಮುಂದೆ ನಿಂತಿರುವುದು ಅದೇ ಕಾರು ಎಂದು ಅದು ಹೇಳುವುದಿಲ್ಲ. ಅದನ್ನು ನೀವೇ ನೋಡಬೇಕು.

ಇ-ಟೈಪ್‌ನ ಆರು ಸಿಲಿಂಡರ್ ಎಂಜಿನ್‌ನಲ್ಲಿ ನಂಬರ್ ಎರಡು ಕಡೆ ಇರುತ್ತದೆ: ಬ್ಲಾಕ್‌ನಲ್ಲಿ ಆಯಿಲ್ ಫಿಲ್ಟರ್‌ನ ಮೇಲ್ಗಡೆ, ಮತ್ತು ಸಿಲಿಂಡರ್ ಹೆಡ್‌ನ ಮುಂಭಾಗದಲ್ಲಿ. ಎರಡೂ ತಾಳೆಯಾಗಬೇಕು. ಕೊನೆಯ 8 ಅಥವಾ 9 ಎಂಬ ಅಂಕಿ ಕಂಪ್ರೆಶನ್ ಅನುಪಾತವನ್ನು ಸೂಚಿಸುತ್ತದೆ. ಟಾರ್ಚನ್ನು ನೇರವಾಗಿ ಹಿಡಿಯದೆ ಓರೆಯಾಗಿ, ಮೇಲ್ಮೈಗೆ ತಾಗಿದಂತೆ ಹಿಡಿಯಿರಿ. ಅಂಕಿಗಳ ಸುತ್ತ ಗ್ರೈಂಡರ್ ಉಜ್ಜಿದ ಗೀರು, ಪಕ್ಕಕ್ಕಿಂತ ತಗ್ಗಾದ ಜಾಗ, ಒಂದೊಂದು ಅಂಕಿಗೆ ಒಂದೊಂದು ಆಳ ಕಂಡರೆ ಮತ್ತೆ ಅಚ್ಚು ಹೊಡೆದಿದ್ದಾರೆಂದೇ ಅನುಮಾನಪಡಿ. ಬೆಲೆಯೇರಿದ ಮಾದರಿಗಳಲ್ಲಿ ಇದು ಇನ್ನೂ ಮುಖ್ಯ. 1973ರ ಪೋರ್ಶೆ ಕರೇರಾ ಆರ್‌ಎಸ್ 2.7 ತಯಾರಾದದ್ದು 1,580. ಬಾತುಕೋಳಿ ಬಾಲದಂಥ ಅದರ ಸ್ಪಾಯ್ಲರನ್ನು ಸಾಮಾನ್ಯ 911ಕ್ಕೆ ಬಿಗಿಯುವುದು ಒಂದು ಮಧ್ಯಾಹ್ನದ ಕೆಲಸ.

ರೆಸ್ಟೋರೇಶನ್‌ನ ಫೋಟೊಗಳನ್ನು ಕೇಳಿ. ಹೊಳೆಯುವ ಬಣ್ಣದ ಫೋಟೊ ಬೇಡ. ಬಣ್ಣ ಕೆರೆದು ಬರಿಯ ತಗಡು ಕಾಣುತ್ತಿರುವವು ಬೇಕು, ಅದರಲ್ಲೂ ಚಾಸಿ ನಂಬರ್ ಕಾಣುವಂಥವು. ಅಷ್ಟು ಖರ್ಚು ಮಾಡಿಸಿದವರ ಹತ್ತಿರ ಆ ಫೋಟೊಗಳು ಇಲ್ಲವೆಂದರೆ, ಆ ಕೆಲಸವೇ ಆಗಿಲ್ಲವೆಂದು ಎಣಿಸಿ ಬೆಲೆ ಕಟ್ಟುವುದು ಕ್ಷೇಮ.

ಅಸಲಿ ಎನ್ನುವ ಕಾರು: ತಗಡು

ಬಣ್ಣದ ದಪ್ಪ ಅಳೆಯುವ ಗೇಜ್, ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಟಾರ್ಚ್, ಹಿಡಿಕೆಯ ಕನ್ನಡಿ, ಡ್ರೈನ್ ತೂತಿನಲ್ಲಿ ತೂರಿಸಬಹುದಾದ ಕ್ಯಾಮೆರಾ ಇಷ್ಟು ಜೊತೆಗಿರಲಿ. ಗೇಜ್ ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ಅಳೆಯುವಂಥದ್ದಾಗಿರಬೇಕು. ಕಬ್ಬಿಣಕ್ಕೆ ಮಾತ್ರ ಇರುವ ಗೇಜ್ ಅಲ್ಯೂಮಿನಿಯಂ ಬಾನೆಟ್ ಮೇಲೆ ಕೆಲಸಕ್ಕೆ ಬಾರದು.

ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್. ಚೆನ್ನಾಗಿ ಮರುಬಣ್ಣ ಮಾಡಿದ್ದು 200ರಿಂದ 400. ಸಾವಿರ ದಾಟಿದರೆ ಕೆಳಗೆ ಪುಟ್ಟಿ ಇದೆ. ಒಂದು ಅಪವಾದವಿದೆ: ಆ ಕಾಲದ ಹಲವು ಕಾರುಗಳಲ್ಲಿ ತಗಡಿನ ಕೀಲುಗಳನ್ನು ಕಾರ್ಖಾನೆಯಲ್ಲೇ ಸೀಸ ತುಂಬಿ ನಯ ಮಾಡುತ್ತಿದ್ದರು. ಅಲ್ಲಿ ಗೇಜ್ ದೊಡ್ಡ ಅಂಕಿ ತೋರಿಸುತ್ತದೆ, ಅಯಸ್ಕಾಂತವೂ ಸಡಿಲವಾಗುತ್ತದೆ, ಅದು ದೋಷವಲ್ಲ. ಕೀಲಿಲ್ಲದ ಬಾಗಿಲ ನಡುವೆ ಹೀಗಾದರೆ ಮಾತ್ರ ಎಚ್ಚರವಾಗಿ. ಪ್ರತಿ ಪ್ಯಾನೆಲ್‌ನಲ್ಲಿ ಐದಾರು ಕಡೆ ಅಳೆದು ಬರೆದುಕೊಳ್ಳಿ. ಒಂದು ದೊಡ್ಡ ಅಂಕಿಗಿಂತ ಎಡ-ಬಲಗಳ ನಡುವಿನ ವ್ಯತ್ಯಾಸವೇ ಹೆಚ್ಚು ಹೇಳುತ್ತದೆ.

ಇ-ಟೈಪ್‌ನಲ್ಲಿ ತುಕ್ಕು ಹಿಡಿಯುವುದು ಬಾಗಿಲ ಕೆಳಗಿನ ಸಿಲ್‌ಗಳಲ್ಲಿ, ನೆಲದ ತಗಡಿನಲ್ಲಿ, ಹಿಂದಿನ ಸಸ್ಪೆನ್ಶನ್ ತೋಳುಗಳು ಕೂರುವ ಜಾಗದಲ್ಲಿ. ಎಂಜಿನ್ ಹೊರುವ ಮುಂದಿನ ಫ್ರೇಮ್‌ಗಳು ತೆಳು ಉಕ್ಕಿನ ಕೊಳವೆಗಳು. ಒಳಗಿನಿಂದ ತಿನ್ನುತ್ತಾ ಬರುವ ತುಕ್ಕು ಹೊರಗೆ ಕಾಣುವ ಹೊತ್ತಿಗೆ ಕೊಳವೆಯಲ್ಲಿ ಶಕ್ತಿ ಉಳಿದಿರುವುದಿಲ್ಲ. ಅಲ್ಲಿ ತೇಪೆ ವೆಲ್ಡಿಂಗ್ ಕಂಡರೆ ಇಡೀ ಫ್ರೇಮ್ ಬದಲಿಸುವ ಖರ್ಚು ಹಿಡಿಯಿರಿ. 911ರಲ್ಲಿ ಮುಂದಿನ ಟ್ಯಾಂಕ್ ಸುತ್ತಲಿನ ಪ್ಯಾನ್, ಬ್ಯಾಟರಿ ಪೆಟ್ಟಿಗೆ, ಹಿಂದಿನ ಟಾರ್ಶನ್ ಬಾರ್ ಕೊಳವೆ ನೋಡಿ. 1976ರ ಮಾದರಿಯಿಂದ ಮೈಪೂರ್ತಿ ಸತುವಿನ ಲೇಪ ಬಂದಿದೆ. ಅದಕ್ಕಿಂತ ಹಳೆಯದಾಗಿದ್ದು ತುಕ್ಕೇ ಇಲ್ಲವೆಂದರೆ, ಯಾವ ತಗಡು ಬದಲಾಗಿದೆ ಎಂದು ಕೇಳಬೇಕು.

ಸಿಲ್‌ನ ಗಟ್ಟಿತನಕ್ಕೆ ಒಂದು ಸುಲಭ ಪರೀಕ್ಷೆಯಿದೆ, ತೆರೆದ ಕಾರುಗಳಿಗಂತೂ ಬಿಡಲೇಬಾರದು. ಕಾರು ನೆಲದ ಮೇಲಿರುವಾಗ ಬಾಗಿಲ ಹಿಂಬದಿಯ ಸಂದನ್ನು ಮೇಲೆ, ಕೆಳಗೆ ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು) ಅಳೆಯಿರಿ. ಜ್ಯಾಕ್ ಕೊಡಬಹುದಾದ ಜಾಗದಲ್ಲಿ ಒಂದು ಬದಿ ಎತ್ತಿ ಮತ್ತೆ ಅಳೆಯಿರಿ. ಸಂದು ಕಣ್ಣಿಗೆ ಕಾಣುವಷ್ಟು ಕಿರಿದಾದರೆ, ಬಾಗಿಲು ತೆಗೆಯಲು ಬಿಗಿಯಾದರೆ, ಮೈ ಬಾಗುತ್ತಿದೆ. ಹೊಸ ಸಿಲ್‌ನ ಹೊರತಗಡು ಮಾತ್ರ ಹಚ್ಚಿ ಒಳಗಿನ ಕೊಳೆತದ್ದನ್ನು ಬಿಟ್ಟ ಕಾರುಗಳು ಸಿಕ್ಕಿಬೀಳುವುದು ಇಲ್ಲೇ.

ಎಂಜಿನ್ ವಿಷಯ ಚುಟುಕಾಗಿ ಹೇಳುವುದಾದರೆ: ಬಿಸಿಯಾದ ಎಂಜಿನ್‌ನಲ್ಲಿ ಎಲ್ಲ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಶನ್ ನೋಡಿ, ಸಿಲಿಂಡರ್‌ಗಳ ನಡುವೆ ಶೇ. 10ಕ್ಕಿಂತ ಹೆಚ್ಚು ಅಂತರ ಇರಬಾರದು. ಲೀಕ್‌ಡೌನ್, ಅಂದರೆ ಸಿಲಿಂಡರ್‌ಗೆ ತುಂಬಿದ ಗಾಳಿ ಸೋರುವ ಪ್ರಮಾಣ, ಶೇ. 10ರೊಳಗಿದ್ದರೆ ಒಳ್ಳೆಯದು, 20 ದಾಟಿದರೆ ಎಂಜಿನ್ ಬಿಚ್ಚುವ ಕೆಲಸ. ಇ-ಟೈಪ್‌ನಲ್ಲಿ ಬಿಸಿ ಎಂಜಿನ್ 3000 ಆರ್‌ಪಿಎಂ ತಿರುಗುವಾಗ ಆಯಿಲ್ ಒತ್ತಡ 40 ಪಿಎಸ್‌ಐ ಸುಮಾರಿಗೆ ನಿಲ್ಲಬೇಕು. ಈ ಎಂಜಿನ್ ಕುದಿಯಲು ರೇಡಿಯೇಟರ್ ಒಂದೇ ಕಾರಣವಲ್ಲ; ಬ್ಲಾಕ್‌ನ ನೀರಿನ ದಾರಿಯ ಹಿಂಭಾಗದಲ್ಲಿ ದಶಕಗಳ ಹೂಳು ಕುಳಿತಿರುತ್ತದೆ, ಬ್ಲಾಕ್‌ನ ತೂತು ಮುಚ್ಚಿರುವ ಕೋರ್ ಪ್ಲಗ್ ಬಿಚ್ಚಿ ಅದನ್ನು ತೆಗೆಯದೆ ಎಷ್ಟು ದೊಡ್ಡ ಫ್ಯಾನ್ ಹಾಕಿದರೂ ಪ್ರಯೋಜನವಿಲ್ಲ. 911ರಲ್ಲಿ 1977ರವರೆಗಿನ ಮೆಗ್ನೀಸಿಯಂ ಕ್ರ್ಯಾಂಕ್‌ಕೇಸ್‌ನಿಂದ ಹೆಡ್ ಸ್ಟಡ್‌ಗಳು ದಾರ ಕಿತ್ತುಕೊಂಡು ಬರುತ್ತವೆ, 2.7 ಲೀಟರ್ ಎಂಜಿನ್‌ನಲ್ಲಂತೂ ಇದು ಮಾಮೂಲು. ಉಕ್ಕಿನ ಇನ್ಸರ್ಟ್ ಹಾಕಿಸಿದ ಬಿಲ್ ಇದೆಯೇ ಕೇಳಿ.

ಹೊಸದಾಗಿ ಕಟ್ಟಿದ ಕಾರು

ತಗಡು ಹೊಸತಾಗಿದ್ದರೆ ಇಲ್ಲಿ ಗೇಜ್, ಅಯಸ್ಕಾಂತಕ್ಕೆ ಹೆಚ್ಚು ಕೆಲಸವಿಲ್ಲ; ರೆಸ್ಟೊಮಾಡ್‌ನಲ್ಲಿ ಉಳಿದ ಹಳೆಯ ತಗಡನ್ನು ಮೇಲೆ ಹೇಳಿದಂತೆಯೇ ನೋಡಿ. ಮಲ್ಟಿಮೀಟರ್ ತೆಗೆದುಕೊಳ್ಳಿ. ಕಾರಿನ ಜೊತೆ ಬರಬೇಕಾದ ಕಾಗದವೂ ಬೇರೆಯೇ:

– ವೈರ್‌ಗಳ ಬಣ್ಣ, ಫ್ಯೂಸ್‌ಗಳ ಅಳತೆ ಬರೆದ ಪೂರ್ತಿ ವೈರಿಂಗ್ ನಕ್ಷೆ
– ಇಸಿಯುವಿನ ಮ್ಯಾಪ್ ಫೈಲ್ (ಎಂಜಿನ್ ಸೆಟ್ಟಿಂಗ್‌ಗಳಿರುವ ಫೈಲ್) ಮತ್ತು ಪಾಸ್‌ವರ್ಡ್
– ಪ್ರತಿ ಭಾಗ ಯಾವ ಕಾರಿನದು, ಪಾರ್ಟ್ ನಂಬರ್ ಏನು ಎಂಬ ಪಟ್ಟಿ. ಬ್ರೇಕ್ ಪ್ಯಾಡ್, ವೀಲ್ ಬೇರಿಂಗ್, ಕ್ಲಚ್ ಪ್ಲೇಟ್‌ನದಂತೂ ಇರಲೇಬೇಕು
– ಚಕ್ರಗಳ ಅಲೈನ್‌ಮೆಂಟ್ ಅಂಕಿಗಳು

ಇವುಗಳಲ್ಲಿ ಪಾಸ್‌ವರ್ಡ್ ಎಲ್ಲಕ್ಕಿಂತ ಮುಖ್ಯ. ಕಟ್ಟಿದ ಸಂಸ್ಥೆ ಚಿಕ್ಕದಿರುತ್ತದೆ, ಮುಚ್ಚಿಹೋಗಬಹುದು. ಬೀಗ ಹಾಕಿದ ಇಸಿಯುವಿನಲ್ಲಿ ಒಂದು ಸೆನ್ಸರ್ ಕೆಟ್ಟರೂ ಸೆಟ್ಟಿಂಗ್ ತಿದ್ದಲು ಬೇರೆ ಟ್ಯೂನರ್‌ಗೆ ಆಗುವುದಿಲ್ಲ; ಹೊಸ ಇಸಿಯು ಹಾಕಿ ಮೊದಲಿನಿಂದ ಮ್ಯಾಪ್ ಬರೆಯಬೇಕಾಗುತ್ತದೆ.

ಎಂಜಿನ್ ಆಫ್ ಇರುವಾಗ ತುಂಬಿದ ಬ್ಯಾಟರಿ 12.6 ವೋಲ್ಟ್ ಸುಮಾರು ತೋರಿಸಬೇಕು, ಓಡುವಾಗ 13.8ರಿಂದ 14.4. ಹೆಡ್‌ಲೈಟ್, ಫ್ಯಾನ್, ಎಸಿ ಎಲ್ಲ ಹಾಕಿ ಮತ್ತೆ ನೋಡಿ. ವೋಲ್ಟೇಜ್ 13ಕ್ಕಿಂತ ಕೆಳಗಿಳಿದರೆ ಆಲ್ಟರ್ನೇಟರ್ ಸಣ್ಣದಾಯಿತು, ಇಲ್ಲವೇ ವೈರ್ ತೆಳುವಾಯಿತು. ಎಲ್ಲ ಆಫ್ ಮಾಡಿ ಅರ್ಧ ಗಂಟೆ ಬಿಟ್ಟ ಮೇಲೂ 50 ಮಿಲಿಆಂಪ್‌ಗಿಂತ ಹೆಚ್ಚು ಕರೆಂಟ್ ಹರಿಯುತ್ತಿದ್ದರೆ ಬ್ಯಾಟರಿ ಆಗಾಗ ಡೌನ್ ಆಗುವುದು ಖಂಡಿತ. ಇನ್ನೊಂದು ಪರೀಕ್ಷೆಗೆ ಮೀಟರೂ ಬೇಡ. ಹೆಡ್‌ಲೈಟ್ ಹಾಕಿ, ಇಂಡಿಕೇಟರ್ ಒತ್ತಿ, ಡ್ಯಾಶ್‌ಬೋರ್ಡ್ ನೋಡಿ. ಇಂಡಿಕೇಟರ್ ಮಿನುಗಿದಾಗೆಲ್ಲ ಪೆಟ್ರೋಲ್ ಮುಳ್ಳೂ ಕುಣಿದರೆ ಅರ್ಥಿಂಗ್ ಸರಿಯಿಲ್ಲ. ಉಕ್ಕಿನ ಮೈಯಲ್ಲಿ ಕರೆಂಟ್ ಮೈ ಮೂಲಕವೇ ವಾಪಸು ಹೋಗುತ್ತದೆ. ಫೈಬರ್ ಮೈಯಲ್ಲಿ ಆ ದಾರಿಯೇ ಇಲ್ಲ, ಪ್ರತಿ ದೀಪಕ್ಕೂ ಅರ್ಥ್ ವೈರ್ ಎಳೆಯಬೇಕು. ಅವಸರದಲ್ಲಿ ಕಟ್ಟಿದವರು ನಾಲ್ಕೈದನ್ನು ಒಂದೇ ಬೋಲ್ಟ್‌ಗೆ ಕಟ್ಟಿ ಕೈತೊಳೆದುಕೊಂಡಿರುತ್ತಾರೆ.

ಮುಂದಿನದು ಶಾಖ. ಬಿಸಿಲಿನಲ್ಲಿ ಎಸಿ ಹಾಕಿ ಅರ್ಧ ಗಂಟೆ ನಿಂತಲ್ಲೇ ಓಡಿಸಿ. ಆಫ್ ಮಾಡಿ, ಬಾನೆಟ್ ಮುಚ್ಚಿ, ಹದಿನೈದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ. ಹಳೆಯ ಎಂಜಿನ್‌ಗಾಗಿ ಮಾಡಿದ ಇಕ್ಕಟ್ಟಿನಲ್ಲಿ ಎರಡು ಪಟ್ಟು ಶಕ್ತಿಯ ಎಂಜಿನ್ ಕೂರಿಸಿದರೆ ಸ್ಟಾರ್ಟರ್ ಮೋಟರ್, ಪೆಟ್ರೋಲ್ ಪೈಪ್‌ಗಳು ಎಗ್ಸಾಸ್ಟ್ ಪಕ್ಕದಲ್ಲಿ ಬೇಯುತ್ತವೆ. ತಣ್ಣಗಿದ್ದಾಗ ಒಂದೇ ಕೀಲಿಗೆ ಏಳುವ ಕಾರು ಈ ಪರೀಕ್ಷೆಯಲ್ಲಿ ಮಲಗಿಬಿಡುವುದುಂಟು.

ಬ್ರೇಕ್‌ನಲ್ಲಿ ಪದೇ ಪದೇ ಕಾಣುವ ತಪ್ಪೆಂದರೆ ಮುಂದೆ ದೊಡ್ಡ ಕ್ಯಾಲಿಪರ್ ಹಾಕಿ ಹಳೆಯ ಮಾಸ್ಟರ್ ಸಿಲಿಂಡರನ್ನೇ ಉಳಿಸುವುದು. ದೊಡ್ಡ ಪಿಸ್ಟನ್‌ಗಳಿಗೆ ಹೆಚ್ಚು ಆಯಿಲ್ ತಳ್ಳಬೇಕು, ಆದ್ದರಿಂದ ಪೆಡಲ್ ಉದ್ದಕ್ಕೆ ಇಳಿಯುತ್ತದೆ. ಮುಂದಿನ ಹಿಡಿತ ಮಾತ್ರ ಹೆಚ್ಚಿ ಹಿಂದಿನದು ಹಿಂದುಳಿದರೆ ಮುಂಚಕ್ರಗಳು ಬೇಗ ಲಾಕ್ ಆಗುತ್ತವೆ, ನಿಲ್ಲುವ ದೂರವೂ ಕಮ್ಮಿಯಾಗುವುದಿಲ್ಲ. ಸಸ್ಪೆನ್ಶನ್ ತಗ್ಗಿಸಿದ್ದರೆ ಉಬ್ಬು ಹತ್ತಿದಾಗ ಸ್ಟಿಯರಿಂಗ್ ತಾನಾಗಿ ಪಕ್ಕಕ್ಕೆ ಎಳೆಯುತ್ತದೆಯೇ ಗಮನಿಸಿ. ಎಳೆದರೆ, ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ನ ಕೋನ ಕೆಟ್ಟಿರುತ್ತದೆ. ಗಂಟೆಗೆ 80–100 ಕಿ.ಮೀ. ವೇಗದಲ್ಲಿ ಮಾತ್ರ ಸೀಟಿನ ಕೆಳಗೆ ನಡುಕ ಬಂದರೆ ಚಕ್ರಗಳ ಬ್ಯಾಲೆನ್ಸ್ ನೋಡಿಸಿ, ಆಮೇಲೂ ಹೋಗದಿದ್ದರೆ ಗೇರ್‌ಬಾಕ್ಸ್‌ನಿಂದ ಹಿಂಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಎರಡೂ ತುದಿಯ ಕೋನ ಅಳೆಸಿ. ಹೊಸ ಗೇರ್‌ಬಾಕ್ಸ್ ಕೂರಿಸುವಾಗ ತಪ್ಪುವುದು ಅದೇ.

ಕಾರ್ಬನ್ ಫೈಬರ್ ಪ್ಯಾನೆಲ್ ಅಲ್ಯೂಮಿನಿಯಂಗೆ ನೇರವಾಗಿ ತಾಗುವ ಕಡೆ, ಅಲ್ಯೂಮಿನಿಯಂ ಉಕ್ಕಿಗೆ ತಾಗುವ ಕಡೆ ನಡುವೆ ಪದರ ಇದೆಯೇ ನೋಡಿ. ಇಲ್ಲದಿದ್ದರೆ ತೇವ ಸೇರಿ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ, ಅಂಚಿನ ಬಣ್ಣ ಗುಳ್ಳೆ ಏಳುತ್ತದೆ.

ನಡುವಿನ ದಾರಿ

ವಾರಕ್ಕೊಮ್ಮೆಯಾದರೂ ಟ್ರಾಫಿಕ್‌ನಲ್ಲಿ ಓಡಿಸುವವರಿಗೆ ಒಳ್ಳೆಯ ರೆಸ್ಟೊಮಾಡ್ ಸರಿ. ಹಳೆಯ ಕಾರುಗಳ ಸ್ಪರ್ಧೆ, ಪ್ರದರ್ಶನಕ್ಕೆ ಹೋಗುವವರಿಗೆ ಅಸಲಿಯೇ ಬೇಕು. ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಕನಿಷ್ಠ 30 ವರ್ಷದ, ಇತಿಹಾಸಕ್ಕೆ ಒಪ್ಪುವ ಸ್ಥಿತಿಯಲ್ಲಿರುವ ವಾಹನಗಳನ್ನಷ್ಟೇ ಐತಿಹಾಸಿಕ ಎಂದು ಒಪ್ಪುತ್ತದೆ. ಇವೆರಡರ ನಡುವೆ ಇರುವವರಿಗೆ, ನನ್ನ ಲೆಕ್ಕದಲ್ಲಿ ಬಹುತೇಕರು ಇಲ್ಲೇ ಬರುತ್ತಾರೆ, ವಾಪಸು ತೆಗೆಯಬಹುದಾದ ಬದಲಾವಣೆಗಳೇ ಲೇಸು: ಡಿಸ್ಟ್ರಿಬ್ಯೂಟರ್ ಒಳಗೆ ಎಲೆಕ್ಟ್ರಾನಿಕ್ ಇಗ್ನಿಶನ್, ಡೈನಮೊ ಬದಲು ಆಲ್ಟರ್ನೇಟರ್, ಅಲ್ಯೂಮಿನಿಯಂ ರೇಡಿಯೇಟರ್, ಎಲೆಕ್ಟ್ರಿಕ್ ಫ್ಯಾನ್, ಐದು ಗೇರಿನ ಬಾಕ್ಸ್. ಮೈ ಕೊಯ್ಯದೆ, ಹೊಸ ತೂತು ಕೊರೆಯದೆ ಕೂರುವುದನ್ನು ಮಾತ್ರ ಹಾಕಿ. ಎಥನಾಲ್ ಬೆರೆಸಿದ ಪೆಟ್ರೋಲ್ ಹಳೆಯ ರಬ್ಬರ್ ಹೋಸ್‌ಗಳನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ, ಅದನ್ನು ತಡೆಯುವ ಹೋಸ್‌ಗಳನ್ನು ಮೊದಲ ವಾರವೇ ಹಾಕಿಸಿ. ಸೀಸವಿಲ್ಲದ ಪೆಟ್ರೋಲ್‌ಗೆ ಎರಕದ ಕಬ್ಬಿಣದ ಹೆಡ್‌ಗಳಲ್ಲಿ ಗಟ್ಟಿ ವಾಲ್ವ್ ಸೀಟ್ ಬೇಕು. ಇ-ಟೈಪ್‌ನ ಅಲ್ಯೂಮಿನಿಯಂ ಹೆಡ್‌ನಲ್ಲಿ ಸೀಟ್ ಇನ್ಸರ್ಟ್ ಮೊದಲೇ ಇರುವುದರಿಂದ ಆ ಚಿಂತೆ ಕಮ್ಮಿ. ಟೈರ್‌ನ ಪಕ್ಕದಲ್ಲಿ ಅಚ್ಚಾಗಿರುವ ತಯಾರಿಕೆಯ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಹತ್ತು ವರ್ಷ ದಾಟಿದ್ದರೆ ಟ್ರೆಡ್ ಎಷ್ಟೇ ಆಳವಿದ್ದರೂ ತೆಗೆದುಹಾಕಿ.

ಕರಾರುಪತ್ರದಲ್ಲಿ ಮೂರು ಸಾಲು ಸೇರಿಸಲು ಮರೆಯಬೇಡಿ. ಬಿಚ್ಚಿಟ್ಟ ಮೂಲ ಭಾಗಗಳು ಚೀಟಿ ಕಟ್ಟಿ, ಪಟ್ಟಿ ಸಮೇತ ಕಾರಿನೊಂದಿಗೇ ಬರಬೇಕು. ಇಸಿಯು ಪಾಸ್‌ವರ್ಡ್ ನಿಮ್ಮೆದುರೇ ಲ್ಯಾಪ್‌ಟಾಪ್‌ನಲ್ಲಿ ತೆರೆದುಕೊಳ್ಳಬೇಕು. ಅಸಲಿ, ರೆಸ್ಟೊಮಾಡ್, ರೆಪ್ಲಿಕಾ ಇವುಗಳಲ್ಲಿ ಯಾವುದು ಎಂದು ಮಾರುವವರು ಬರೆದು ಸಹಿ ಹಾಕಬೇಕು. ಇನ್ಶೂರೆನ್ಸ್ ಕಂಪನಿಗೂ ಅದೇ ಮಾತನ್ನು ಹೇಳಿ, ಕಾರಿನ ಮೌಲ್ಯವನ್ನು ಇಬ್ಬರೂ ಮೊದಲೇ ಒಪ್ಪಿಕೊಂಡ ಪಾಲಿಸಿ ಮಾಡಿಸಿ. ಮಾರ್ಪಾಡು ಮುಚ್ಚಿಟ್ಟ ಪಾಲಿಸಿ ಕ್ಲೇಮ್ ದಿನ ತಿರಸ್ಕೃತವಾಗಬಹುದು. ಕೊನೆಯ ಕಂತನ್ನು ಈ ಮೂರೂ ಕೈಸೇರಿದ ಮೇಲೆಯೇ ಕೊಡಿ.